ಫ್ಯಾನು ತಿರುಗುತ್ತಿತ್ತು

ಮೇಡ್ಲೇರಿ
ಮಂಗಳವಾರ, 20 ಜನವರಿ 2026

ಬ್ಯಾಡಗಿಯ ಜಮೀರ್ ಅವರಿಗೆ ನಿಮ್ಮ ಹೆಂಡತಿ ಬೇನಜೀರಳ ಸಲಾಮು.

ಈ ಕಥೆಯನ್ನು ನನ್ನ ಕಿವಿಗೆ ಮೊದಲು ಹಾಕಿದವನು ಟಂಟಂ ಓಡಿಸುವ ಹೇಮಪ್ಪ. ಮೊನ್ನೆ ಭಾನುವಾರ ಮಧ್ಯಾಹ್ನ ಮೂರರ ಸುಮಾರಿಗೆ, ರಾಣೇಬೆನ್ನೂರಿನಿಂದ ಮೇಡ್ಲೇರಿಗೆ ಬರುವ ದಾರಿಯಲ್ಲಿ. ಅವನಿಗೆ ಹೇಳಿದವನು ನಿಮ್ಮ ಗೆಳೆಯ ಅಶ್ಫಾಕ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ. ಅಶ್ಫಾಕನಿಗೆ ಕಲಿಸಿಕೊಟ್ಟವರು ಯಾರೆಂದು ನಾನು ಕೇಳುವುದಿಲ್ಲ, ನನಗೆ ಗೊತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ನಡುವೆ ಕಟ್ ಮಾಡುತ್ತೀರಿ. ಕಾಗದಕ್ಕೆ ಬಟನ್ನೂ ಇಲ್ಲ, ಪ್ಲಗ್ಗೂ ಇಲ್ಲ. ಮನೆಗೆ ಕಳಿಸದೆ ನಿಮ್ಮ ಮೆಣಸಿನಕಾಯಿ ಅಂಗಡಿಯ ವಿಳಾಸಕ್ಕೆ ಕಳಿಸಿದ್ದೇನೆ. ಅಶ್ಫಾಕ, ಸಿದ್ದಲಿಂಗೇಶ, ನಿಮ್ಮ ಗೆಳೆಯರಿಬ್ಬರೂ ಬಂದು ಕುಳಿತಾಗ ಒಡೆಯಿರಿ. ನನ್ನ ಕಥೆಯನ್ನು ಮೂವರು ಸೇರಿ ಕಟ್ಟಿದಿರಿ, ಮೂವರು ಸೇರಿಯೇ ಓದಿ.

ಟಂಟಂನಲ್ಲಿ ಏಳೆಂಟು ಜನ ಇದ್ದೆವು. ನಾನು ಮುಸುಕು ಹಾಕಿಕೊಂಡು ಹಿಂದಿನ ಸೀಟಿನಲ್ಲಿದ್ದೆ. ನಮ್ಮ ಓಣಿಯ ಶಾರದವ್ವ ಈರುಳ್ಳಿ ಚೀಲದ ಮೇಲೆ ಕುಳಿತಿದ್ದಳು. ಮೂಲೆಯಲ್ಲಿ ಬುರ್ಖಾದ ಇನ್ನೊಬ್ಬ ಹೆಂಗಸು, ತೊಡೆಯ ಮೇಲೆ ಬಟ್ಟೆಯ ಚೀಲ. ರಾಣೇಬೆನ್ನೂರು ದಾಟುವ ಮೊದಲೇ ಹೇಮಪ್ಪ ಬಾಯಿ ತೆಗೆದ. ಅವನಿಗೆ ಕಥೆ ಇಲ್ಲದಿದ್ದರೆ ಗಾಡಿ ಮುಂದಕ್ಕೆ ಹೋಗುವುದಿಲ್ಲ.

"ಬ್ಯಾಡಗ್ಯಾಗ ಒಬ್ಬಾಕಿ ಅದಾಳಂತ್ರಿ. ಗಂಡನ ಕೂಡ ಟಿವ್ಯಾಗ ಫುಟ್ಬಾಲ್ ಆಡಿ ಸೋತ್ಲಂತ. ಸೋತು ಗೊಳೋ ಅಂತ ಅತ್ತು, ಗಂಟು ಕಟಗೊಂಡು ತವರಮನಿಗೆ ಹೋದ್ಲಂತ! ನಮ್ಮ ಕಾಲದಾಗ ಹೆಣಮಕ್ಳು ತವರಿಗೆ ಬರಬೇಕಂದ್ರ ಗಂಡ ಆಕೀನ್ನ ಹೊಡದಿರಬೇಕಿತ್ತು. ಈಗ ಗೋಲ್ ಹೊಡದ್ರ ಸಾಕು ನೋಡ್ರಿ!"

ಗಾಡಿಯೆಲ್ಲ ನಕ್ಕಿತು. ಶಾರದವ್ವ, "ಅಳಾಕ ಆಕೀ ಏನ್ ಸಣ್ಣ ಕೂಸನವಾ?" ಅಂದಳು. ಮೂಲೆಯ ಹೆಂಗಸು ಮಾತ್ರ ನಗಲಿಲ್ಲ.

ನಾನು ಮುಸುಕು ಎತ್ತಿದೆ. "ಹೇಮಪ್ಪಣ್ಣ, ಆಕಿ ನಾನ" ಅಂದೆ.

ಹೇಮಪ್ಪ ಬ್ರೇಕು ಒತ್ತಿದ ರಭಸಕ್ಕೆ ಶಾರದವ್ವನ ನಾಲ್ಕು ಈರುಳ್ಳಿ ರಸ್ತೆಗೆ ಉರುಳಿದವು. "ಇಸಾಕಸಾಬರ ಮಗಳಾ? ಯವ್ವಾ, ತಪ್ಪಾತವಾ" ಎಂದು ಕೈಮುಗಿದ. ನಾನು, "ತಪ್ಪು ನಿಂದಲ್ಲಣ್ಣ. ಅರ್ಧಾ ಕಥಿ ಮಾರ್ಯಾರ ನಿನಗ. ಉಳದ ಅರ್ಧಾ ನಾ ಹೇಳತೇನಿ, ಗಾಡಿ ನಿಲ್ಲಸು" ಎಂದೆ. ಬೇವಿನ ಮರದ ಕೆಳಗೆ ನಿಲ್ಲಿಸಿದ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಅಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ.

ಹಾವೇರಿಯ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸವಾಗಿತ್ತು. ಹತ್ತೊಂಬತ್ತನೆಯ ತಾರೀಖು ಸೋಮವಾರದೊಳಗೆ ಹಾಜರಾಗಬೇಕೆಂದು ಆರ್ಡರಿನಲ್ಲಿ ಬರೆದಿತ್ತು. ಮದುವೆಗೆ ಮುಂಚೆ ಎರಡು ವರ್ಷ ಓದಿದ್ದು ಅದಕ್ಕೇ ಎಂದು ನಿಮಗೆ ಗೊತ್ತಿತ್ತು. ಆದರೂ ಒಲ್ಲೆ ಅಂದಿರಿ. ಕಾರಣ ಕೇಳಿದರೆ ಟಿವಿಯಲ್ಲಿ ಆಡುವ ಫುಟ್ಬಾಲ್ ಗೇಮಿನ ರಿಮೋಟು ಕೈಗೆ ತೆಗೆದುಕೊಂಡಿರಿ.

ನಿಮ್ಮ ಆಟ ಬ್ಯಾಡಗಿಗೆಲ್ಲ ಗೊತ್ತು. ಹೈ ಪ್ರೆಸ್. ಎದುರಿನವನು ಉಸಿರು ಬಿಡಬಾರದು, ಅವನ ಗೋಲಿನ ಬಾಯಿಗೇ ಹೋಗಿ ಮುತ್ತಬೇಕು. ಬಾಲು ಅವನ ಕಾಲಿಗೆ ಬೀಳುವ ಮೊದಲೇ ನಿಮ್ಮವರು ಮೂರು ಜನ ಮೈಮೇಲೆ. ರಿಮೋಟಿನ ಎರಡು ಗುಂಡಿಗಳನ್ನು ಒತ್ತಿದ ಬೆರಳು ನೀವು ಎತ್ತುವುದೇ ಇಲ್ಲ. ಅಶ್ಫಾಕ ಸೋತಿದ್ದ, ಸಿದ್ದಲಿಂಗೇಶ ಅಗಡಿಯಿಂದ ಬಂದು ಬಂದು ಸೋತಿದ್ದ. ಹನ್ನೊಂದನೆಯ ತಾರೀಖು ಭಾನುವಾರ ಊಟ ಮುಗಿಸಿ ಅವರಿಬ್ಬರ ಮುಂದೆ ನೀವೇ ಅಂದಿರಿ: "ನನ್ನ ಸೋಲಸು, ಹತ್ತೊಂಬತ್ತಕ್ಕ ನಾನ ಬಸ್ ಹತ್ತಿಸಿ ಬರತೇನಿ. ಸೋತ್ರ ಆ ಆರ್ಡರ್ ಹರದ ಒಗಿ." ಸಿದ್ದಲಿಂಗೇಶ, "ಅಕ್ಕಾರು ರಿಮೋಟ್ ಉಲ್ಟಾ ಹಿಡೀತಾರಪಾ, ಸ್ವಲ್ಪ ನೋಡಿ ಆಡು" ಎಂದು ನಕ್ಕ.

ನಿಮ್ಮ ಮೂವರಿಗೂ ತಿಳಿಯದ ಸಂಗತಿ ಇಷ್ಟು. ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್ ದಿನ ನೀವು ಮಾರ್ಕೆಟ್ಟಿಗೆ ಹೋದರೆ ಸಂಜೆಯವರೆಗೆ ಬರುತ್ತಿರಲಿಲ್ಲ. ಆಗ ನಾನು ಆಡುತ್ತಿದ್ದೆ. ಅಮ್ಮಿ ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ನೋಡುತ್ತಿದ್ದರು. ಟಿವಿಯೊಳಗಿನ ಯಂತ್ರವೂ ನಿಮ್ಮ ಹಾಗೆಯೇ ಮುತ್ತುತ್ತಿತ್ತು, ನಾನು ಸೋಲುತ್ತಿದ್ದೆ. ಒಂದು ದಿನ ಅಮ್ಮಿ ಕೈ ನಿಲ್ಲಿಸಿ, "ಇವ್ರೆಲ್ಲಾರೂ ಮುಂಬಾಗಲಿಗೆ ಓಡಿ ಬಂದ್ರ, ಹಿತ್ತಲಬಾಗಲಾ ಕಾಯೋರ್ಯಾರು?" ಎಂದು ಕೇಳಿದರು. ನನಗೆ ಆಟ ತಿಳಿದದ್ದು ಆವತ್ತು. ಕಲಿಸಿದ್ದು ನಿಮ್ಮ ತಾಯಿ ಬಿಸ್ಮಿಲ್ಲಾಬಿ, ಬೇರೆ ಯಾರೂ ಅಲ್ಲ.

ಆ ಭಾನುವಾರವೂ ಅಮ್ಮಿ ಗೋಡೆಗೆ ಒರಗಿ ತೊಟ್ಟು ಮುರಿಯುತ್ತಾ ಕುಳಿತಿದ್ದರು. ಮೊದಲ ಗೋಲು ನೀವು ಹೊಡೆದಿರಿ. ನನ್ನ ಕೀಪರನ ಕಾಲಿನಿಂದಲೇ ಬಾಲು ಕಿತ್ತಿರಿ. ಅಶ್ಫಾಕ ಆರ್ಡರನ್ನು ಟೀಪಾಯಿಯ ಮೇಲೆ ತಂದಿಟ್ಟು, "ಹರ್ಯಾಕ ತಯಾರ್ ಇರ್ರಿ ಭಾಭಿ" ಎಂದ. ನಾನು ಬಾಲನ್ನು ಹಿಂದಕ್ಕೇ ಕೊಟ್ಟೆ, ಮತ್ತೆ ಹಿಂದಕ್ಕೆ. ನಿಮ್ಮವರು ಓಡಿದರು, ಮತ್ತೆ ಓಡಿದರು. ನೀವು ಅಂಜುಬುರುಕಿ ಎಂದಿರಿ. ನಾನು ಬಾಲು ನೋಡುತ್ತಿರಲಿಲ್ಲ, ನಿಮ್ಮ ಆಳುಗಳ ಕಾಲ ಕೆಳಗಿನ, ದಮ್ಮು ಎಷ್ಟು ಉಳಿದಿದೆಯೆಂದು ತೋರಿಸುವ ಗೆರೆ ನೋಡುತ್ತಿದ್ದೆ. ಅರವತ್ತನೆಯ ನಿಮಿಷಕ್ಕೆ ಹಸಿರು ಹೋಗಿ ಹಳದಿಯಾಯಿತು, ಎಪ್ಪತ್ತಕ್ಕೆ ಕೆಂಪಾಯಿತು. ಆಗ ತ್ರಿಕೋನದ ಗುಂಡಿ ಒತ್ತಿ ಎಲ್ಲರ ತಲೆಯ ಮೇಲಿಂದ ಉದ್ದಕ್ಕೆ ಎಸೆದೆ. ನಿಮ್ಮ ಹಿಂದೆ ಸುಗ್ಗಿ ಮುಗಿದ ಹೊಲದ ಹಾಗೆ ಎಲ್ಲ ಬಯಲು. ಎಪ್ಪತ್ತೊಂದಕ್ಕೆ ಒಂದು, ಎಂಬತ್ತನಾಲ್ಕಕ್ಕೆ ಇನ್ನೊಂದು. ಎರಡು, ಒಂದು. ಸಿದ್ದಲಿಂಗೇಶ ಬಾಯಿಗೆ ಹಾಕಿಕೊಂಡಿದ್ದ ಚುರುಮುರಿಯನ್ನು ಅಗಿಯುವುದನ್ನೇ ಮರೆತ.

ಎಂಬತ್ತಾರಕ್ಕೆ ಟಿವಿ ಕಪ್ಪಾಯಿತು.

"ಕರೆಂಟ್ ಹೋತು" ಅಂದಿರಿ ನೀವು. "ಹೌದಪಾ, ಹೋತು" ಎಂದ ಅಶ್ಫಾಕ. "ಮ್ಯಾಚ್ ಮುಗದಿಲ್ಲ ಅಂದಮ್ಯಾಲ ಗೆದ್ದಂಗಲ್ರಿ ಅಕ್ಕಾರ" ಎಂದ ಸಿದ್ದಲಿಂಗೇಶ.

ನಿಮ್ಮ ಮೂವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ನನ್ನ ಆರ್ಡರು ಟೀಪಾಯಿಯ ಮೇಲೆ ಪಟಪಟ ಅನ್ನುತ್ತಿತ್ತು.

ನಾನು ಬಗ್ಗಿ ನೋಡಿದೆ. ಪ್ಲಗ್ಗು ಬೋರ್ಡಿನಿಂದ ಹೊರಗೆ ಬಿದ್ದಿತ್ತು. ಕಾಲು ಚಾಚಿ ಕುಳಿತಿದ್ದ ನೀವೇ ವೈರು ಎಳೆದಿರಿ ಎಂದು ಟಂಟಂನಲ್ಲಿ ಎಲ್ಲರಿಗೂ ಹೇಳಿದೆ. ಪ್ಲಗ್ಗು ಹಿಡಿದು ಮತ್ತೆ ಸಿಕ್ಕಿಸಿದೆ, ಆದರೆ ಆಟ ಮೊದಲಿನಿಂದ ಶುರುವಾಯಿತು. ಬೆವರು ಒರೆಸಿಕೊಂಡ ಕೈ ಕಣ್ಣಿಗೆ ತಾಗಿ ಕೆಂಡದಂತೆ ಉರಿಯಿತು, ನೀರು ಸುರಿಯಿತು. "ಭಾಭಿ ಅಳಾಕತ್ತಾರ" ಎಂದು ಅಶ್ಫಾಕ ಚಪ್ಪಾಳೆ ತಟ್ಟಿದ. ನಾನು ಅತ್ತದ್ದು ಅಷ್ಟೇ. ಅದೇ ಹೊತ್ತಿಗೆ ನೀವು ಆರ್ಡರಿಗೆ ಕೈ ಹಾಕಿದಿರಿ. ಮೂಲೆಗೆ ಒಂದಿಷ್ಟು ಹರಿಯಿತು. ಉಳಿದದ್ದನ್ನು ಕಿತ್ತುಕೊಂಡು ಅವತ್ತೇ ಬಸ್ಸು ಹತ್ತಿದೆ.

ಸೋತೆನೆಂದು ನಾನು ತವರಿಗೆ ಬರಲಿಲ್ಲ. ನಾಲ್ಕು ಜನ ತಿರುಗುವ ಫ್ಯಾನಿನ ಕೆಳಗೆ ಕುಳಿತು ಕರೆಂಟು ಇಲ್ಲ ಅಂದದ್ದಕ್ಕೆ ಬಂದೆ. ಮೂವರು ಬಾಯಿಂದ ಹೇಳಿದಿರಿ, ಅಮ್ಮಿ ಬಾಯಿ ಮುಚ್ಚಿಕೊಂಡು ಹೇಳಿದರು.

ಆಮೇಲೂ ನೀವು ಗುಂಡಿಯಿಂದ ಬೆರಳು ಎತ್ತಲಿಲ್ಲ. ಮರುದಿನ ಸೋಮವಾರ ನಮ್ಮ ಅಬ್ಬಾನಿಗೆ ಫೋನು ಮಾಡಿ, ಮಗಳಿಗೆ ಬುದ್ಧಿ ಹೇಳಿ ಅಂದಿರಿ. ಬುಧವಾರ ಸಿದ್ದಲಿಂಗೇಶನನ್ನು ಕಳಿಸಿದಿರಿ. ಅವನು ನಾನೇ ಮಾಡಿದ ಚಹಾ ಕುಡಿದು, "ಗಂಡಸರ ಮಾತಿಗೆ ಒಂದ್ ತೂಕ ಇರತೈತಿ ಅಕ್ಕಾರ" ಎಂದು ನನಗೇ ಹೇಳಿ ಹೋದ. ಶುಕ್ರವಾರ ಅಶ್ಫಾಕ ಆಸ್ಪತ್ರೆಗೇ ಹೋಗಿ, ಆಕಿ ಬರೂದಿಲ್ಲ, ಬ್ಯಾರೆದವ್ರನ್ನ ತಗೋರಿ ಅಂದನಂತೆ. ಲ್ಯಾಬಿನವರು ನನಗೇ ಫೋನು ಮಾಡಿ ಕೇಳಿದ್ದರಿಂದ ಕೆಲಸ ಉಳಿಯಿತು. ನಡುವೆ ಚಹಾದಂಗಡಿಯಲ್ಲಿ ನನ್ನನ್ನು ನಗೆಯಾಟದ ಕಥೆ ಮಾಡಿದಿರಿ. ನಾನು ಬಾಲನ್ನು ಹಿಂದಕ್ಕೇ ಕೊಡುತ್ತಿದ್ದೆ.

ಬೇವಿನ ಮರದ ಕೆಳಗೆ ಇಷ್ಟು ಹೇಳಿ ನಿಲ್ಲಿಸಿದಾಗ ಶಾರದವ್ವ ಕೇಳಿದ್ದು ಒಂದೇ ಮಾತು. "ಫ್ಯಾನ್ ತಿರಗತಿತ್ತಂದ್ರ ಕರೆಂಟ್ ಎಲ್ಲಿ ಹೋಗಿತ್ತು ತಂಗಿ?" ಈರುಳ್ಳಿ ಮಾರುವವಳಿಗೆ ತಿಳಿದದ್ದು ನಿಮ್ಮಂಥ ಮೂವರು ಜಾಣರಿಗೆ ತಿಳಿಯಲಿಲ್ಲ.

ನನಗೆ ನಿಮ್ಮ ಕ್ಷಮಾಪಣೆ ಬೇಡ. ಅಶ್ಫಾಕ ಯಾವ ಚಹಾದಂಗಡಿಯಲ್ಲಿ ಆ ಕಥೆ ಹೇಳಿದನೋ ಅದೇ ಬೆಂಚಿನ ಮೇಲೆ ನೀವೇ ಕುಳಿತು ಎರಡು, ಒಂದು ಎಂದು ಹೇಳಿ ಬನ್ನಿ. ಅಲ್ಲಿಯವರೆಗೆ ನನ್ನ ಬಟ್ಟೆಯ ಪೆಟ್ಟಿಗೆ ನಿಮ್ಮ ಮನೆಯಲ್ಲೇ ಇರಲಿ, ನಾನು ಇಲ್ಲೇ ಇರುತ್ತೇನೆ.

ಇಸಾಕಸಾಬರ ಮಗಳು,
ಬೇನಜೀರ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಉಳಿದದ್ದೆಲ್ಲ ಹಾಗೇ ಇರಲಿ. ವೈರು ಎಳೆದವರು ನೀವಲ್ಲ. ನನ್ನನ್ನು ಕರೆತರಲೆಂದು ಭಾನುವಾರ ನೀವು ಬ್ಯಾಡಗಿಯಲ್ಲಿ ಬಸ್ಸು ಹತ್ತಿಸಿ ಕಳಿಸಿದ ಅಮ್ಮಿಯೇ ಆ ಟಂಟಂನ ಮೂಲೆಯಲ್ಲಿದ್ದ ಹೆಂಗಸು. ಶಾರದವ್ವ ಕೇಳಿದ ಮೇಲೆ ಅವರು ಮುಸುಕು ತೆಗೆದರು. ಮನೆಯಲ್ಲಾಡುವ ಉರ್ದು ಬಿಟ್ಟು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: "ವೈರ್ ಎಳದಾಕಿ ನಾನ. ನಾಕ ಮಂದ್ಯಾಗ ಮಗ ಸೋಲತಾನಂತ ಕೈ ತಡೀಲಿಲ್ಲ. ಆಕಿ ಅತ್ತಿಲ್ರಿ. ನನ್ನ ಕೈಯಾನ ಮೆಣಸಿನಕಾಯಿ ಕಾರ ಪ್ಲಗ್ಗಿಗೆ ಹತ್ತಿತ್ತು, ಪ್ಲಗ್ಗಿಂದು ಆಕಿ ಕಣ್ಣಿಗೆ ಹತ್ತೇತಿ." ಹಿತ್ತಲಬಾಗಿಲು ಕಾಯುತ್ತಿದ್ದ ಒಬ್ಬರನ್ನೂ ನೀವು ಮುಂದಕ್ಕೆ ಓಡಿಸಿದಿರಿ ನೋಡಿ. ಅವರು ಇನ್ನೂ ಎಂಟು ದಿನ ಇಲ್ಲೇ ಇರುತ್ತಾರಂತೆ. ಅಡುಗೆ ನೀವೇ ಮಾಡಿಕೊಳ್ಳಿ.

ನಿನ್ನೆ, ಸೋಮವಾರ ಬೆಳಿಗ್ಗೆ ಆರೂವರೆಗೆ, ನಾನು ಕರೆಯದೆಯೇ ಹೇಮಪ್ಪ ಟಂಟಂ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದ. ನನಗೆ ಕಾಲಿಡಲು ಜಾಗವಿರಲೆಂದು ಶಾರದವ್ವ ಈರುಳ್ಳಿ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಹರಿದ ಮೂಲೆಗೆ ಅಂಟು ಹಚ್ಚಿದ ಆರ್ಡರು ಹಿಡಿದು ನಾನು ಹೊರಗೆ ಬರುವಷ್ಟರಲ್ಲಿ ಅಮ್ಮಿ ಒಳಗೆ ಹತ್ತಿ ಕುಳಿತಿದ್ದರು. ತೊಡೆಯ ಮೇಲೆ ನನ್ನ ಬುತ್ತಿ. ಪಕ್ಕದ ಸೀಟಿನ ಮೇಲೆ, ಬೇರೆ ಯಾರೂ ಕೂರದಂತೆ, ಕೈ ಚಾಚಿ ಇಟ್ಟುಕೊಂಡಿದ್ದರು. ಬೆರಳು ಇನ್ನೂ ಕೆಂಪಗಿದ್ದವು.