ಹೊಡೆದು ಹಾಕಿದ ಹದಿನಾಲ್ಕು

ಜೂನ್ 16, ಸೋಮವಾರ

ಮತ್ತೆ ಉಪ್ಪಿಟ್ಟು. ಮತ್ತೆ ಫಸ್ಟ್ ಪೀರಿಯಡ್ ಮ್ಯಾಥ್ಸ್. ಆರನೇ ಕ್ಲಾಸಿನಿಂದ ಇದೇ ಕ್ಯಾಂಪಸ್, ಇದೇ ಹಾಸ್ಟೆಲ್, ಕಿಟಕಿಯಲ್ಲಿ ಇದೇ ಮಧುಗಿರಿ ಬೆಟ್ಟ. ಬದಲಾಗಿದ್ದು ಒಂದೇ — ಈಗ ಫಸ್ಟ್ ಪಿಯು, ಎಲ್ಲ ಇಂಗ್ಲಿಷಿನಲ್ಲಿ.

ಪ್ರಸನ್ನಕುಮಾರ್ ಸರ್ ಇವತ್ತು ಆಲ್ಜೀಬ್ರಾ ಶುರು ಮಾಡಿದರು. ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ‘ಎಕ್ಸ್‌ಪೆಕ್ಟೇಶನ್ಸ್’ ಅಂತ ಬರೆದು ಕೆಳಗೆ ಗೆರೆ ಎಳೆದರು. ಸ್ಟೆಪ್ ಹಾರಿಸಬಾರದು. ಹೋಂವರ್ಕ್ ಅವತ್ತಿನದು ಅವತ್ತೇ. ಉತ್ತರಕ್ಕೆ ಬಾಕ್ಸ್. ಡೌಟ್ ಇದ್ದರೆ ಟೆಸ್ಟಿಗೆ ಮುಂಚೆ ಕೇಳಬೇಕು, ಆಮೇಲೆ ಅಳಬಾರದು. ಎರಡು ಯೂನಿಟ್ ಟೆಸ್ಟ್ ಫೇಲ್ ಆದರೆ ಮನೆಯವರನ್ನು ಕರೆಸಿ ಟಿಸಿ. ಇಲ್ಲಿ ಸೈನ್ಸ್ ಬಿಟ್ಟರೆ ಬೇರೇನೂ ಇಲ್ಲ. ಸೈನ್ಸ್ ಹೋದರೆ ಹಾಸ್ಟೆಲ್ಲೂ ಹೋಯಿತು.

ಆಮೇಲೆ ಹಾಜರಿ. ನನ್ನ ಹೆಸರಿಗೆ ಬಂದಾಗ ತಲೆ ಎತ್ತಿದರು.

“ಶಿವಲಕ್ಷ್ಮಿ... ಗೇಟ್ ಹತ್ರ ಫ್ಲೆಕ್ಸಲ್ಲಿರೋಳು ನೀನೇನಾ? ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ನೂರು?”

“ಎಸ್ ಸರ್.”

“ವೆರಿ ಗುಡ್. ನಿನ್ನ ಮೇಲೆ ಕಣ್ಣಿಟ್ಟಿರ್ತೀನಿ, ಹಂಡ್ರೆಡ್.”

ಎಲ್ಲ ನಕ್ಕರು. ನಾನೂ ನಕ್ಕೆ.

ಜೂನ್ 19

ಆ ನೂರು ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ಹೈಸ್ಕೂಲಿನಲ್ಲಿ ಸಂಜೆ ಸ್ಟಡಿ ಅವರ್‌ನಲ್ಲಿ ಲೀಡರ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಳು. ನಾವೆಲ್ಲ ಸಾಲಾಗಿ ಕೂತು ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದೆವು. ಅಂಕಿ, ಚಿಹ್ನೆ, ‘ಆದ್ದರಿಂದ’, ‘ಸಮ’ — ಎಲ್ಲ ಸೇರಿಸಿ, ಪ್ರಾರ್ಥನೆ ಹೇಳಿದ ಹಾಗೆ. ಮಾಡೆಲ್ ಪೇಪರ್ ಪೂರ್ತಿ ನನಗೆ ಬಾಯಿಗೆ ಬರುತ್ತಿತ್ತು. ಪರೀಕ್ಷೆಯಲ್ಲಿ ಅಂಥವೇ ಬಂದವು. ಲಕ್.

ಪಿಯುನಲ್ಲಿ ಕೋರಸ್ ಇಲ್ಲ. ಸೈಲೆಂಟ್ ಸ್ಟಡಿ. ಸದ್ದಿಲ್ಲದೆ ಓದಿದರೆ ನನ್ನ ತಲೆಗೆ ಏನೂ ಇಳಿಯುವುದಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಓದಿದೆ. ರೂಮ್‌ಮೇಟ್ ಲೋಹಿತಾ ಬಾಗಿಲು ಬಡಿದಳು.

“ಲೇ, ಒಳಗೆ ಸ್ನಾನನೋ ಭಜನೆನೋ? ಬೇಗ ಮಂಗಳಾರತಿ ಮಾಡ್ಬುಟ್ಟು ಬಾರೇ, ನಂಗೆ ಅರ್ಜೆಂಟು!”

ಜೂನ್ 28, ಶನಿವಾರ

ವಾರ್ಡನ್ ಸರೋಜಮ್ಮ ಮೇಡಂ ಹೊಸ ಕೆಲಸ ಕೊಟ್ಟಿದ್ದಾರೆ. ಶನಿವಾರ ಸಂಜೆ ಒಂಬತ್ತನೇ ಕ್ಲಾಸಿನವರಿಗೆ ನಾನು ಮ್ಯಾಥ್ಸ್ ಹೇಳಿಕೊಡಬೇಕು. “ಫ್ಲೆಕ್ಸ್ ಹಾಕ್ಸಿದೀವಿ, ಸುಮ್ನೇನಾ?”

ಮದಲೂರಿನ ಓಬಳಮ್ಮ ಮುಂದೆಯೇ ಕೂರುತ್ತಾಳೆ. ಎಕ್ಸ್ ಪ್ಲಸ್ ಏಳು ಸಮ ಹನ್ನೆರಡು. ಏಳನ್ನು ಆ ಕಡೆ ಕಳಿಸಿದೆ, ಮೈನಸ್ ಆಯಿತು, ಉತ್ತರ ಐದು.

“ಅಕ್ಕ, ಈ ಕಡೆ ಇದ್ದಾಗ ಪ್ಲಸ್ ಇತ್ತು. ಆ ಕಡೆ ಹೋದ್ರೆ ಯಾಕೆ ಮೈನಸ್ ಆಗ್ತೈತೆ?”

“ಅದು ರೂಲ್.”

“ಯಾರ್ ಮಾಡಿದ್ ರೂಲು?”

“ಬಾಯ್ಮುಚ್ಕೊಂಡು ಬರ್ಕೊಳೇ.”

ಬರೆದುಕೊಂಡಳು. ಪಾಪ. ನನಗೂ ಗೊತ್ತಿಲ್ಲ ಅಂತ ಅವಳಿಗೆ ಗೊತ್ತಾಗಲಿಲ್ಲ... ಅಥವಾ ಗೊತ್ತಾಯಿತೋ.

ಜುಲೈ 5

ಕಾಂಪ್ಲೆಕ್ಸ್ ನಂಬರ್ಸ್. ಮೈನಸ್ ಒಂದರ ವರ್ಗಮೂಲ ಇಲ್ಲ ಅಂತ ಇಷ್ಟು ವರ್ಷ ಕೂಗಿ ಹೇಳಿದ್ದೆವು. ಈಗ ಇದೆಯಂತೆ. ಅದರ ಹೆಸರು ‘ಐ’ ಅಂತೆ.

ಸರ್ ಒಂದು ಲೆಕ್ಕ ಮಾಡಿ ತೋರಿಸಿದರು. ಎಕ್ಸ್ ಸ್ಕ್ವೇರ್ ಮೈನಸ್ ಸಿಕ್ಸ್ ಎಕ್ಸ್ ಪ್ಲಸ್ — ಹತ್ತರ ಬದಲು ಕೈತಪ್ಪಿ ಹದಿನಾಲ್ಕು ಬರೆದರು. ಡಸ್ಟರ್ ದೂರ ಇತ್ತು. ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಹತ್ತು ಬರೆದರು. ಉತ್ತರ ಮೂರು ಪ್ಲಸ್ ಆರ್ ಮೈನಸ್ ಐ. ಬಾಕ್ಸ್.

“ಡೌಟ್ಸ್?”

ಇತ್ತು. ಆದರೆ ನನ್ನ ಡೌಟು ಕನ್ನಡದಲ್ಲಿತ್ತು, ಅದೂ ಅರ್ಧ. ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಎಲ್ಲರೂ “ನೋ ಸರ್” ಅಂದರು. ನಾನೂ ಅಂದೆ. ಕೋರಸ್ ಅಂದರೆ ಬಾಯಿ ತಾನಾಗಿ ತೆರೆಯುತ್ತದೆ.

ಜುಲೈ 13, ಭಾನುವಾರ

ಮೊದಲ ಟೆಸ್ಟ್ ಫೇಲ್. ಪೇಪರ್ ಕೊಡುವಾಗ ಸರ್ ಏನೂ ಅನ್ನಲಿಲ್ಲ. ಹಂಡ್ರೆಡ್ ಅಂತಲೂ ಕರೆಯಲಿಲ್ಲ. ಅದೇ ಭಯ.

ಅಮ್ಮ ಫೋನ್ ಮಾಡಿದ್ದಳು. ನಮ್ಮೂರು, ಪಾವಗಡದ ಬಲಸಮುದ್ರದ ಹತ್ತಿರ ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸ ಅವಳದು. ಬಸ್‌ಸ್ಟಾಪಿನಲ್ಲೂ ನನ್ನ ಫ್ಲೆಕ್ಸ್ ಕಟ್ಟಿದ್ದಾರೆ.

“ಗಾಳಿಗೆ ಒಂದು ಮೂಲೆ ಹರ್ದಿತ್ತು ಕಣಮ್ಮೀ, ನಾನೇ ಹೊಲ್ದು ಕಟ್ಟಿಸ್ದೆ. ಪ್ಯಾನೆಲ್ ಒರ್ಸೋ ಬಟ್ಟೇಲಿ ನಿನ್ ಮುಖಾನೂ ಒರೆಸ್ಬುಟ್ಟು ಬಂದೆ. ಬಾಗಾ ಚೆಂದಾಗ್ ಹೊಳೀತೈತೆ.”

ಹೇಳೋಣ ಅಂತ ಬಾಯಿ ತೆರೆದೆ. ಹಿಂದೆ ಫೋನಿಗೆ ಕ್ಯೂ ಇತ್ತು. “ಊಟ ಆಯ್ತಾ” ಅಂತ ಕೇಳಿ ಇಟ್ಟೆ.

ಜುಲೈ 25

ನಾಳೆ ಎರಡನೇ ಟೆಸ್ಟ್. ಕ್ಲಾಸ್ ನೋಟ್ಸ್ ಎಲ್ಲ ಬಾಯಿಗೆ ಬಂದಿದೆ. ಎಲ್ಲ. ಕಣ್ಣು ಮುಚ್ಚಿದರೆ ಬೋರ್ಡೇ ಕಾಣುತ್ತದೆ. ಲೋಹಿತಾ, “ಬೇರೆ ನಂಬರ್ ಕೊಟ್ರೆ ಏನ್ ಮಾಡ್ತೀಯೇ?” ಅಂದಳು. ಕೆಟ್ಟ ಬಾಯಿ ಅವಳದು.

ಜುಲೈ 28, ಸೋಮವಾರ, ಮಧ್ಯಾಹ್ನ

ನಡೆದ ಹಾಗೇ ಬರೆಯುತ್ತೇನೆ.

ಸರ್ ಸ್ಟಾಫ್‌ರೂಮಿಗೆ ಕರೆದರು. ನನ್ನ ಪೇಪರ್ ಮುಂದಿಟ್ಟರು. ಪ್ರಶ್ನೆಯಲ್ಲಿ ಇದ್ದದ್ದು ಮೈನಸ್ ಫೋರ್ ಎಕ್ಸ್ ಪ್ಲಸ್ ಹದಿಮೂರು. ನಾನು ಬರೆದದ್ದು ಮೈನಸ್ ಸಿಕ್ಸ್ ಎಕ್ಸ್ ಪ್ಲಸ್ ಹತ್ತು. ಎಕ್ಸ್ ಸ್ಕ್ವೇರ್ ಕಂಡ ತಕ್ಷಣ ಕೈ ಓಡಿತ್ತು. ಪ್ರಶ್ನೆಯನ್ನು ನಾನು ಓದಿಯೇ ಇರಲಿಲ್ಲ.

“ಪ್ರಶ್ನೆ ಬೇರೆ, ಉತ್ತರ ನನ್ನ ನೋಟ್ಸಿಂದು. ಚೀಟಿ ಎಲ್ಲಿಟ್ಕೊಂಡಿದ್ದೆ?”

“ಇಲ್ಲ ಸರ್. ಕಾಪಿ ಮಾಡಿಲ್ಲ ಸರ್.”

“ಸರಿ. ಇಲ್ಲೇ ಬರಿ.”

ಬಿಳಿ ಹಾಳೆ ಕೊಟ್ಟರು. ಬರೆದೆ. ಮೊದಲ ಸಾಲಿನಲ್ಲಿ ಹದಿನಾಲ್ಕು ಬರೆದೆ, ಅದರ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಹತ್ತು ಬರೆದು ಮುಂದೆ ಹೋದೆ. ಬಾಕ್ಸ್ ಹಾಕಿ ತಲೆ ಎತ್ತಿದಾಗ ಸರ್ ಟೆಸ್ಟ್ ಪೇಪರ್ ತಿರುಗಿಸಿ ನೋಡುತ್ತಿದ್ದರು. ಅಲ್ಲೂ ಹದಿನಾಲ್ಕು. ಅಲ್ಲೂ ಗೆರೆ.

“ಇದನ್ನ ಯಾಕೆ ಹೊಡೆದು ಹಾಕಿದೆ?”

“ನೀವು ಹಾಕಿದ್ರಿ ಸರ್.”

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

“ನೀನು ಕಾಪಿ ಮಾಡಿಲ್ಲಮ್ಮ. ಮಾಡಿದ್ರೆ ಬೈದು ಬಿಡಬಹುದಿತ್ತು... ಇದಕ್ಕೆ ನಾನೇನು ಮಾಡ್ಲಿ?”

ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಸೋಮವಾರ ಅಮ್ಮ ಬರಬೇಕಂತೆ.

ಆಗಸ್ಟ್ 4, ಸಂಜೆ

ಅಮ್ಮ ಪಾವಗಡದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಗೇಟಿನ ಹತ್ತಿರ ನನ್ನ ಫ್ಲೆಕ್ಸ್ ಕೆಳಗೇ ನಿಂತು ವಾಚ್‌ಮನ್‌ಗೆ “ನಮ್ಮ ಹುಡ್ಗಿ” ಅಂತ ತೋರಿಸುತ್ತಿದ್ದಳು. ಪ್ರೈಜ್ ಕೊಡಲು ಕರೆಸಿದ್ದಾರೆ ಅಂದುಕೊಂಡು ಒಳ್ಳೆ ಸೀರೆ ಉಟ್ಟಿದ್ದಳು.

ಸರ್ ಖಾಲಿ ಕ್ಲಾಸಿಗೆ ಕರೆದುಕೊಂಡು ಹೋದರು. ಟಿಸಿ ಮಾತೆತ್ತಲಿಲ್ಲ ಇನ್ನೂ. ಬೋರ್ಡಿನ ಮೇಲೆ ಬರೆದದ್ದು ನೋಡಿ ನನಗೆ ಉಸಿರು ಬಂತು. ಎಕ್ಸ್ ಪ್ಲಸ್ ಏಳು ಸಮ ಹನ್ನೆರಡು.

“ಐದು ಸರ್.”

“ಉತ್ತರ ಬೇಡ. ಏನು ಮಾಡಿದೆ, ಯಾಕೆ ಮಾಡಿದೆ, ನಿಮ್ಮಮ್ಮನಿಗೆ ಅರ್ಥ ಆಗೋ ಹಾಗೆ ಹೇಳು. ಇಂಗ್ಲಿಷ್ ಬೇಡ. ನಿಮ್ಮ ಪಾವಗಡದ ಕಡೆ ತೆಲುಗಲ್ಲಾದ್ರೂ ಹೇಳು.”

“ಏಳು ಆ ಕಡೆ ಹೋಯ್ತು. ಮೈನಸ್ ಆಯ್ತು.”

“ಯಾಕೆ?”

ಓಬಳಮ್ಮನ ಪ್ರಶ್ನೆಯೇ. ಇಂಗ್ಲಿಷಿನಲ್ಲಿ ಹುಡುಕಿದೆ, ಇರಲಿಲ್ಲ. ಕನ್ನಡದಲ್ಲಿ ಹುಡುಕಿದೆ, ಅಲ್ಲೂ ಇರಲಿಲ್ಲ.

“ಹೇಳಮ್ಮೀ,” ಅಮ್ಮ ನಗುತ್ತಿದ್ದಳು. “ನಿಂಗ್ ಗೊತ್ತಲ್ಲ. ನಾಚ್ಕೆ ಸಾ ಅವ್ಳಿಗೆ.”

ಆಮೇಲೆ ಸರ್ ಎಲ್ಲ ಹೇಳಿದರು. ಎರಡು ಫೇಲ್, ರೂಲ್ಸ್, ಟಿಸಿ. ಅಮ್ಮನ ನಗು ಒಂದೇ ಸಲ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೋಯಿತು. ಅದನ್ನು ನೋಡಬೇಕಾಯಿತು.

“ಇನ್ನೊಂದು ಕಿತ ಹೇಳ್ಕೊಡ್ರಿ ಸಾ. ನಮ್ ಶಿವಿ ಒಂದು ಕಿತ ಹೇಳಿದ್ದನ್ನ ಯಾವತ್ತೂ ಮರೆಯೋಳಲ್ಲ.”

“ಅದೇ ಕಣಮ್ಮ ತೊಂದರೆ,” ಅಂದರು ಸರ್. ಜೋರಾಗಿ ಅಲ್ಲ.

ಹದಿನೆಂಟಕ್ಕೆ ಇನ್ನೊಂದು ಟೆಸ್ಟ್ ಇಡುತ್ತೇನೆ, ಪಾಸಾದರೆ ಟಿಸಿ ಇಲ್ಲ ಅಂದರು. ಕೊನೆಯದು.

ಬಸ್ ಹತ್ತುವಾಗ ಅಮ್ಮ ತಂದಿದ್ದ ಕಡಲೆಬೀಜದ ಉಂಡೆ ಕೈಗಿಟ್ಟಳು. ಬೈಯಲಿಲ್ಲ. “ಊರಿನ್ ಫ್ಲೆಕ್ಸ್ ಬಿಚ್ಚಿಸ್ಲೇನಮ್ಮೀ?” ಅಂತ ಕೇಳಿದಳು. ನಾನು ಹೇಳುವಷ್ಟರಲ್ಲಿ ಬಸ್ ಹೊರಟಿತು.

ಆಗಸ್ಟ್ 17, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಓದಲು ಕೂತರೆ ತುಟಿ ಅಲ್ಲಾಡುತ್ತದೆ. ತುಟಿ ಕಚ್ಚಿಕೊಂಡರೆ ಓದು ನಿಲ್ಲುತ್ತದೆ. ಲೋಹಿತಾ ಹೇಳಿಕೊಟ್ಟಳು, ಅವಳು ಹೇಳಿದ್ದೂ ಬಾಯಿಪಾಠವಾಯಿತು. “ನೀನ್ ಮನುಷ್ಯಳೋ ಟೇಪ್‌ರೆಕಾರ್ಡರೋ?” ಅಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು.

ನಿನ್ನೆ ಓಬಳಮ್ಮ ಏನೂ ಕೇಳಲಿಲ್ಲ. “ಆ ಕಡೆ ಹೋದ್ರೆ ಮೈನಸ್” ಅಂತ ಎಲ್ಲರ ಜೊತೆ ಕೂಗಿದಳು. ಚೆನ್ನಾಗಿ ಕಲಿಸಿದ್ದೇನೆ.

ಆಗಸ್ಟ್ 18, ಬೆಳಿಗ್ಗೆ, ಟೆಸ್ಟಿಗೆ ಮುಂಚೆ

ಕಾಂಪ್ಲೆಕ್ಸ್ ನಂಬರ್ಸ್ ಮುಟ್ಟಲಿಲ್ಲ. ಧೈರ್ಯವಿಲ್ಲ. ಸುಮ್ಮನೆ ಎಕ್ಸ್ ಪ್ಲಸ್ ಏಳು ಸಮ ಹನ್ನೆರಡು ಅಂತ ಇಲ್ಲೇ ಬರೆದೆ. ಬಾಯಿ ಬಿಡದೆ ನೋಡುತ್ತಾ ಕೂತೆ. ಅಮ್ಮನಿಗೆ ಹೇಳಬೇಕು. ಎದುರಿಗೇ ಇದ್ದಾಳೆ ಅಂದುಕೊಂಡೆ, ಆ ಒಳ್ಳೆ ಸೀರೆ ಉಟ್ಟುಕೊಂಡು.

ಅಮ್ಮ, ನಡುವೆ ಸಮ ಅಂತ ಇದೆ. ಅಂದರೆ ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ನನಗೆ ಎಕ್ಸ್ ಒಂದೇ ಬೇಕು. ಅದಕ್ಕೆ ಅಂಟಿಕೊಂಡಿರುವ ಏಳು ಬೇಡ. ಈ ಕಡೆ ಏಳು ತೆಗೆದರೆ ಸಮ ಕೆಡುತ್ತದೆ. ಅದಕ್ಕೆ ಆ ಕಡೆಯೂ ಏಳು ತೆಗೆಯಬೇಕು. ಆ ಮೈನಸ್ಸು —

ಅದಾ?

ಹಾಗಾದರೆ ಏಳು ಆ ಕಡೆ ಹೋಗೇ ಇಲ್ಲ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಇಷ್ಟು ವರ್ಷ ಕೂಗಿದ್ದು...

ಇದು ಏಳನೇ ಕ್ಲಾಸಿನ ಪಾಠ. ಎಂಟು, ಒಂಬತ್ತು, ಹತ್ತು ಎಲ್ಲ ಹೀಗೇ ಒಂದೊಂದಾಗಿ ಬಿಚ್ಚಿ ನೋಡಬೇಕು. ಆಮೇಲೆ ‘ಐ’. ಬೆಲ್ ಹೊಡೆದರು. ಲೋಹಿತಾ ಕರೆಯುತ್ತಿದ್ದಾಳೆ. ಸರ್ ಹತ್ತಿರ ಒಂದೇ ಒಂದು ಮಾತು, ಕನ್ನಡದಲ್ಲೇ ಕೇಳುತ್ತೇನೆ — ಸರ್, ನಂಗೆ ಈಗಷ್ಟೇ ಅರ್ಥ ಆಗೋಕೆ ಶುರುವಾಗಿದೆ, ಇನ್ನೂ ಸ್ವಲ್ಪ ಟೈಮ್ —