ತಂಗಿಯ ಊರಿನ ವಿಷ ಹೋಯಿತು, ನಮ್ಮೂರಿನದು ಯಾವಾಗ?

ಹಳೆಯ ಕೀಟನಾಶಕಗಳ ವಿಲೇವಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ತಂಗಿ ಚೈತ್ರಳನ್ನು ಕೊಟ್ಟ ಊರು ಹೆದ್ದಾರಿಯ ಆಚೆ, ನನ್ನನ್ನು ಕೊಟ್ಟ ಊರು ಈಚೆ. ಎರಡೂ ಊರಿನ ಹಳೆಯ ಗೋದಾಮುಗಳಲ್ಲಿ, ಸರ್ಕಾರವೇ ನಿಷೇಧಿಸಿದ ಕೀಟನಾಶಕದ ಡ್ರಮ್ಮುಗಳೂ ಪುಡಿಮೂಟೆಗಳೂ ನಮ್ಮ ಮದುವೆಗಿಂತ ಮುಂಚಿನಿಂದ ಕೊಳೆಯುತ್ತಿದ್ದವು. ಈಗ ಅವಳ ಊರಿನದು ಖಾಲಿ, ನಮ್ಮದು ಹಾಗೇ ಇದೆ. ಆಚೆ ವಿಲ್ಲಾಗಳು ಎದ್ದಿವೆ. ಈಚೆ ಇರುವುದು ಹಿಪ್ಪುನೇರಳೆ ಮತ್ತು ನಾವು. ವಿಷಕ್ಕೂ ನೆರೆಹೊರೆಯ ಅಂತಸ್ತು ನೋಡುವ ಪದ್ಧತಿ ಇದೆಯೇ?

ಅಲ್ಲಿ ಖಾಲಿ ಮಾಡಿದ ದಿನ ನಾನೂ ನೋಡಲು ಹೋಗಿದ್ದೆ. ಮೈತುಂಬ ಬಿಳಿ ಉಡುಪು, ಮುಖವಾಡ ತೊಟ್ಟವರು ತುಕ್ಕು ಹಿಡಿದ ಡ್ರಮ್ಮುಗಳನ್ನು ಹೊಸ ಡ್ರಮ್ಮುಗಳೊಳಗೆ ಇಳಿಸಿ, ಒಳಗೇನಿದೆ ಎಂದು ಪರೀಕ್ಷಿಸಿ, ಹೆಸರು ಅಂಟಿಸುತ್ತಿದ್ದರು.

"ನೆಲದ ಮಣ್ಣನ್ನೂ ಕೆರ್ಕೊಂಡು ಹೋಗ್ತಾರಂತೆ ಕಣಕ್ಕ," ಎಂದಳು ಚೈತ್ರ. ಅವಳು ಹೊಸ ಮನೆ ಕಟ್ಟಿಸಿದಾಗಲೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಅವರ ಮೇಸ್ತ್ರಿಯನ್ನು ಕೇಳಿದೆ. "ನಮ್ಗೆ ಇದೊಂದೇ ಊರಿಗೆ ಆರ್ಡರ್ ಇರೋದಮ್ಮ. ಸಾಹೇಬ್ರನ್ನ ಕೇಳಿ," ಎಂದ.

ಕೇಳಿದೆವಲ್ಲ. ಆಮೇಲೆ ಬಂದ ಬಿರುಗಾಳಿಗೆ ನಮ್ಮ ಗೋದಾಮಿನ ಶೀಟು ಹಾರಿ, ಪುಡಿ ಸೊಪ್ಪಿನ ಮೇಲೆ ಕೂತು, ಅದನ್ನು ತಿಂದ ಮನೆಯ ರೇಷ್ಮೆಹುಳುಗಳೆಲ್ಲ ಸತ್ತವು. ನನ್ನ ಮಾವ ಗಂಗಣ್ಣ ನಿಮ್ಮ ಕಚೇರಿಗೆ ಫೋನ್ ಮಾಡಿದರು. "ಒಂದು ಗುಂಡಿ ತೆಗ್ದು ಹೂತಾಕ್ಬಿಡಿ ಗೌಡ್ರೇ, ಯಾಕೆ ದೊಡ್ದು ಮಾಡ್ತೀರ," ಎಂಬ ಉತ್ತರ ಬಂತು. ಆಹಾ, ಎಂಥ ತಜ್ಞರ ಸಲಹೆ! ಹೂತ ವಿಷ ನಮ್ಮ ಬೋರ್‌ವೆಲ್‌ಗೆ ಇಳಿಯುವುದಿಲ್ಲವೇ?

ಆ ಮಾತು ನಂಬಿ ಡ್ರಮ್ಮು ಎತ್ತಲು ಹೋದವರು ನನ್ನ ಗಂಡ ಕೆಂಪರಾಜ್. ಅವರು ದುಡಿಯುತ್ತಿದ್ದ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಗ್ಲೌಸ್ ಇಲ್ಲದೆ ಎಣ್ಣೆಡಬ್ಬವನ್ನೂ ಮುಟ್ಟಗೊಡುವುದಿಲ್ಲ. ಇಲ್ಲಿ ಅವರ ಮುಖಕ್ಕೊಂದು ಟವೆಲ್, ಅಷ್ಟೇ. ಡ್ರಮ್ಮಿನ ತಳ ಕಿತ್ತುಬಂದು ಒಳಗಿನ ವಿಷ ಸೊಂಟದಿಂದ ಕೆಳಕ್ಕೆ ಸುರಿಯಿತು. ಮನೆ ಮುಟ್ಟುವಷ್ಟರಲ್ಲಿ ಬೆವರು, ಬಾಯಲ್ಲಿ ನೊರೆ.

"ಯಾವ ಔಷಧಿ ಬಿದ್ದಿದ್ದು ಹೇಳಮ್ಮ, ಬೇಗ," ಎಂದರು ಆಸ್ಪತ್ರೆಯ ಡಾಕ್ಟರು.

ನಾನೇನು ಹೇಳಲಿ? ಡ್ರಮ್ಮಿನ ಮೇಲಿನ ಹೆಸರನ್ನು ತುಕ್ಕು ತಿಂದಿತ್ತು. ಆ ಗಳಿಗೆಯಲ್ಲೂ ನನ್ನ ಕಣ್ಣಮುಂದೆ ಬಂದದ್ದು ತಂಗಿಯ ಊರಿನಲ್ಲಿ ಅಂಟಿಸುತ್ತಿದ್ದ ಆ ಹೆಸರುಗಳು. ಅಲ್ಲಿ ವಿಷಕ್ಕೂ ಹೆಸರಿತ್ತು.

ಡಾಕ್ಟರು ಲಕ್ಷಣ ನೋಡಿಯೇ ಚಿಕಿತ್ಸೆ ಕೊಟ್ಟರು. ಜೀವ ಉಳಿಯಿತು. ಆದರೆ ಕೈನಡುಕ ಹೋಗಿಲ್ಲ. ಕಾರ್ಖಾನೆಯವರು ಮೆಷಿನ್ ಕೆಲಸಕ್ಕೆ ಬೇಡವೆಂದಿದ್ದಾರೆ. ಅನ್ನ ಕಲಸುವಾಗ ಯಾರಾದರೂ ನೋಡಿದರೆ ತಟ್ಟೆ ಹಿಡಿದು ಗೋಡೆಗೆ ತಿರುಗಿ ಕೂರುತ್ತಾರೆ. ಹೂಳಲೆಂದು ತೆಗೆಸಿದ್ದ ಗುಂಡಿಯನ್ನು ಮಾವನವರು, ಒಂದು ಡ್ರಮ್ಮನ್ನೂ ಇಳಿಸದೆ, ಬರಿಯ ಮಣ್ಣಿನಿಂದಲೇ ಮುಚ್ಚಿಸಿದರು.

ಆ ಬಿಳಿ ಉಡುಪಿನವರನ್ನು ನಮ್ಮೂರಿಗೂ ಕಳಿಸಿ. ಅವರು ಬರುವವರೆಗೆ ಗೋದಾಮಿಗೆ ಬೀಗ, ಕಾವಲು ಹಾಕಿಸಿ. ಹೂಳಲು ಯಾರಿಗೂ ಹೇಳಬೇಡಿ. ಇಲ್ಲಿಯ ಮಣ್ಣನ್ನೂ ಕೆರೆದು ಒಯ್ಯಿರಿ. ಅಂದು ಯಾವುದೋ ಊರಿನ ಹೆಣ್ಣುಮಗಳು ಬಂದು ನಿಂತು, ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳಲಿ. ಆಮೇಲೆ, ದಯವಿಟ್ಟು, ಅವಳ ಊರಿಗೆ ಹೋಗಿ.

ಇಂತಿ,
ಸ್ವಂತ ತಂಗಿಯ ಮೇಲೇ ಕರುಬುವಂತಾದ
ಕವಿತ,
ದೊಡ್ಡಬಳ್ಳಾಪುರ ತಾಲ್ಲೂಕು