ಸೊಪ್ಪಿನ ಕೆಳಗಿನ ಹೆಲ್ಮೆಟ್

ಜುಲೈ 3, ಗುರುವಾರ

ಮಾರ್ಟಿಗೆ ಹೋಗಿದ್ದೆ. ಉದ್ದಿನಬೇಳೆ, ಸೋಪು, ಅತ್ತೆಗೆ ಬಿಸ್ಕತ್ತು. ಗುರುವಾರ ಬಂದರೆ ನಡುವಿನ ತಂತಿ ಬುಟ್ಟಿಗೆ ಹೊಸ ಆಫರ್ ಸುರಿಯುತ್ತಾರೆ. ಕಳೆದ ವಾರ ಪ್ಲಾಸ್ಟಿಕ್ ಡಬ್ಬ, ಅದರ ಹಿಂದಿನ ವಾರ ಟವೆಲ್. ಈ ವಾರ ಸೈಕಲ್ ಸಾಮಾನು! ತಿಪಟೂರಲ್ಲಿ ಇದನ್ನೆಲ್ಲ ಯಾರು ಕೊಳ್ಳುತ್ತಾರೋ... ಜನ ನೋಡಿ ನಕ್ಕು ಮುಂದೆ ಹೋಗುತ್ತಿದ್ದರು. ನಾನೂ ನಕ್ಕು ಮುಂದೆ ಹೋದೆ. ಎಣ್ಣೆ ಸಾಲಿನವರೆಗೆ ಹೋಗಿ ವಾಪಸ್ ಬಂದೆ.

ಹೆಲ್ಮೆಟ್. ತಿಳಿನೀಲಿ. ಮೈತುಂಬ ಗಾಳಿಕಂಡಿ. ಎಳನೀರು ಕುಡಿದು ಎಸೆದ ಬುರುಡೆಯಷ್ಟೂ ತೂಕವಿಲ್ಲ. ಬಿಲ್ ಹಾಕುವ ಹುಡುಗಿ ನಯನ ಕೇಳಿದಳು, "ಮಗಳಿಗಾ ಆಂಟಿ?" ಹ್ಞೂಂ ಅಂದೆ. ಇಂಪನಾ ಹಾಸನದಲ್ಲಿ ಸ್ಕೂಟಿ ಮೇಲೆ ಓಡಾಡುವವಳು, ಅವಳಿಗೆ ಇದು ಯಾಕೆ? ಸುಳ್ಳು ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಚೀಲದ ತಳದಲ್ಲಿ ಹೆಲ್ಮೆಟ್, ಮೇಲೆ ದಂಟಿನ ಸೊಪ್ಪು. ಹಾಗೇ ಮನೆಗೆ ತಂದೆ.

ನನ್ನ ಹತ್ತಿರ ಸೈಕಲ್ ಇಲ್ಲ. ಓಡಿಸಲೂ ಬರುವುದಿಲ್ಲ. ಇದನ್ನೂ ಬರೆದಿಡುತ್ತೇನೆ.

ಜುಲೈ 4

ಎಲ್ಲಿಡುವುದು? ಬೀರು ಇವರು ತೆಗೆಯುತ್ತಾರೆ. ಅಡುಗೆಮನೆ ಡಬ್ಬಗಳನ್ನು ಅತ್ತೆ ಮಂಚದಲ್ಲಿ ಮಲಗಿಯೇ ಬಾಯಿಪಾಠ ಒಪ್ಪಿಸುತ್ತಾರೆ.

ಅಟ್ಟ! ಕಾಯಿ ತುಂಬಿದ ಮೇಲೆ ಅಟ್ಟಕ್ಕೆ ಯಾರೂ ಹೋಗುವುದಿಲ್ಲ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅಲ್ಲಿಯವರೆಗೆ ಕಾಯಿ ಮುಟ್ಟಬಾರದು, ಸರಿಸಬಾರದು. ಮಾವನವರ ಕಾಲದಿಂದ ಹಾಗೇ. ಕಾರ್ತಿಕ ಕಳೆದ ಮೇಲೇ ಇಳಿಸುವುದು.

ಏಣಿ ಹತ್ತಿದೆ. ಗಾಜಿನ ಹೆಂಚಿನ ಕೆಳಗೆ ಒಂದಷ್ಟು ಕಾಯಿ ಸರಿಸಿ ಮೂಲೆಯಲ್ಲಿ ಜಾಗ ಮಾಡಿದೆ. ಮುಟ್ಟಬಾರದ್ದನ್ನು ಮುಟ್ಟಿದೆ. ಹೆಲ್ಮೆಟ್ ಇಟ್ಟೆ. ನಾನು ಕೂರುವಷ್ಟೂ ಜಾಗ ಉಳಿಯಿತು. ಕಾರ್ತಿಕ ಕಳೆಯುವವರೆಗೆ ಈ ಮೂಲೆ ನನ್ನದು.

ಜುಲೈ 10, ಗುರುವಾರ

ಕೈಗವಸು ತಂದೆ. ಅಂಗೈಯಲ್ಲಿ ಮೆತ್ತಗೆ ಸ್ಪಂಜು. ಬೆರಳ ತುದಿ ಇಲ್ಲ — ಅದೇ ಫ್ಯಾಷನ್ನಂತೆ.

ಹೇಳಿಬಿಡಬಹುದಲ್ಲ ಇವರಿಗೆ, ಯಾಕೆ ಕಳ್ಳಾಟ? ಹೇಳಿದ್ದೆ. ಯುಗಾದಿ ಆದ ಹೊಸತರಲ್ಲಿ, ಊಟಕ್ಕೆ ಕೂತಾಗ. ನಾನೂ ಸೈಕಲ್ ಕಲೀಲಾ ಅಂದೆ. ನಕ್ಕು ನಕ್ಕು ಇವರಿಗೆ ಅನ್ನ ನೆತ್ತಿಗೇರಿತು. "ಈಗಾ? ಬಿದ್ದು ಸೊಂಟ ಮುರ್ಕಂಡ್ರೆ ಅವ್ವನ ಮಂಚದ ಪಕ್ಕ ಇನ್ನೊಂದು ಮಂಚ ಹಾಕ್ಬೇಕು ಕಣೇ." ಅತ್ತೆ ಮಂಚದಿಂದಲೇ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಕೆಟ್ಟ ಜನ ಅಲ್ಲ. ಆದರೂ ಆವತ್ತು ಪಾತ್ರೆ ತೊಳೆಯುವಾಗ ಅಳು ಬಂತು.

ಇಂಪನಾ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದವಳು ನಾನು. ಒಂದು ದಿನ ಕೈ ಬಿಟ್ಟೆ, ಅವಳು ಹೋದಳು. ನಾನು ರಸ್ತೆಯಲ್ಲಿ ಏದುಸಿರು ಬಿಡುತ್ತಾ ನಿಂತೇ ಇದ್ದೆ.

ಜುಲೈ 24, ಗುರುವಾರ. ಮಧ್ಯಾಹ್ನ

ದೀಪದ ಜೋಡಿ ತಂದೆ. ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು. ಕೆಂಪು ಮಿಣಮಿಣ ಅನ್ನುತ್ತದೆ. ನಯನ ಮತ್ತೆ ಕೇಳಿದಳು, ಮಗಳು ಚೆನ್ನಾಗಿ ಓಡಿಸ್ತಾಳಾ ಆಂಟಿ? ಓ, ಗಾಳಿ ಥರ ಹೋಗ್ತಾಳೆ ಅಂದೆ.

ಊಟ ಮುಗಿದು ಮನೆ ಸದ್ದಡಗಿತ್ತು. ಇವರು ಕೊಬ್ಬರಿ ಮಂಡಿಯಲ್ಲಿ. ಅತ್ತೆಗೆ ಜೋಂಪು. ಅಟ್ಟ ಹತ್ತಿದೆ. ಹೆಲ್ಮೆಟ್ ಹಾಕಿದೆ, ಕೈಗವಸು ಹಾಕಿದೆ, ಬೆನ್ನ ಹಿಂದೆ ಕೆಂಪು ದೀಪ ಹಚ್ಚಿಟ್ಟೆ. ಗಾಜಿನ ಹೆಂಚಿನಿಂದ ಬಿಸಿಲು ಕೋಲಾಗಿ ಇಳಿದಿತ್ತು, ಅದರಲ್ಲಿ ಧೂಳು ತೇಲುತ್ತಿತ್ತು. ಸುತ್ತ ಕಾಯಿಗಳು, ಸದ್ದಿಲ್ಲದೆ ಒಣಗುತ್ತಾ. ಕಣ್ಣು ಮುಚ್ಚಿದೆ.

ಹೊರಟೆ. ಗೇಟು ದಾಟಿದೆ. ತೋಟಗಳ ನಡುವೆ ರಸ್ತೆ, ಗರಿಗಳ ನೆರಳು ಮೇಲೆ ಹಾದು ಹಾದು ಹೋಗುತ್ತಿದೆ. ನೊಣವಿನಕೆರೆ ಕಡೆಗೆ. ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಆ ದಾರಿ. ತಂಗಿ ಮನೆಗೆ, ಮಠಕ್ಕೆ, ಮದುವೆಗೆ, ಸಾವಿಗೆ. ಕಿಟಕಿಯಲ್ಲಿ ಕೆರೆ ಕಾಣುತ್ತದೆ, ಅಯ್ಯೋ ಅನ್ನುವಷ್ಟರಲ್ಲಿ ಹಿಂದೆ ಹೋಗಿರುತ್ತದೆ. ಬಸ್ ನಿಲ್ಲಿಸಿ, ಕೆರೆ ನೋಡಬೇಕು ಅಂದರೆ ಕಂಡಕ್ಟರ್ ಏನಂದಾನು! ನನಗೆ ಬೇಕಾದ ಕಡೆ ನಾನೇ ನಿಲ್ಲಿಸಬೇಕು. ಕಣ್ಣು ತುಂಬುವವರೆಗೆ ನೋಡಬೇಕು. ಅಷ್ಟೇ ಆಸೆ. ದೊಡ್ಡದೇನಲ್ಲ.

ಕೆರೆಯ ಗಾಳಿ ಮುಖಕ್ಕೆ ಬಡಿಯಿತು. ನಿಜವಾಗಿಯೂ ತಣ್ಣಗಾಯಿತು ಮುಖ. ಕಣ್ಣು ಬಿಟ್ಟೆ — ಕಾಯಿ.

ಆಗಸ್ಟ್ 14, ಗುರುವಾರ

ಬೆಲ್. ಒಂದು ಕೊಂಡರೆ ಒಂದು ಉಚಿತ. ಒಂದು ಸೈಕಲ್ಲೇ ಇಲ್ಲದವಳಿಗೆ ಎರಡು ಬೆಲ್.

ಅಟ್ಟದಲ್ಲಿ ಇಡುವಾಗ ಬೆರಳು ತಾಗಿ ಟ್ರಿಣ್ ಅಂದುಬಿಟ್ಟಿತು.

ಕೆಳಗಿನಿಂದ ಅತ್ತೆ: "ಯಾರದು ಅಟ್ಟದ್ ಮ್ಯಾಲೆ?"

"ನಾನೇ ಅತ್ತೆ. ಇಲಿ ಬಂದೈತಾ ನೋಡ್ತಿದ್ದೆ."

"ಇಲಿ ಬೆಲ್ ಹೊಡಿತದಾ?"

ಬೆಲ್ ಅನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ. "ಹೋಗ್ಲಿ ಬುಡು" ಅಂದರು ಅತ್ತೆ. ಇಳಿದು ಬಂದಾಗ ಗೋಡೆ ಕಡೆ ತಿರುಗಿ ಮಲಗಿದ್ದರು.

ಒಂದು ಬೆಲ್ ಅತ್ತೆ ಮಂಚದ ಸರಳಿಗೆ ಕಟ್ಟಿದೆ. ನೀರು ಬೇಕಾದಾಗ, ಬಚ್ಚಲಿಗೆ ಹೋಗಬೇಕಾದಾಗ ಕೂಗುವುದು ತಪ್ಪುತ್ತದೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಪಾಪ, ಕೂಗಿ ಕೂಗಿ ಅವರ ಗಂಟಲೇ ಒರಟಾಗಿದೆ. ಮಾರ್ಟಲ್ಲಿ ಉಚಿತ ಕೊಟ್ಟರು ಅಂದೆ. ಅದಾದರೂ ನಿಜ.

ಸೆಪ್ಟೆಂಬರ್ 18

ಎಷ್ಟೋ ದಿನ ಆಯಿತು ಬರೆದು. ಮಳೆ. ಮಳೆ ಕೋಟು ತಂದೆ, ಹಳದಿ. ಹಿಂದೆ ನೇತುಹಾಕುವ ಚೀಲವೂ ಬಂತು, ಜಿಪ್ ಇರುವುದು. ಅಟ್ಟದ ಸವಾರಿ ನಡೆದೇ ಇದೆ. ಮೊನ್ನೆ ತುರುವೇಕೆರೆ ದಾಟಿ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯವರೆಗೆ ಹೋಗಿ ಬಂದೆ. ಕಾಲು ನೋಯಲಿಲ್ಲ!

ಅತ್ತೆ ಯಾಕೋ ಸರಿಯಿಲ್ಲ. ಮಾತು ಕಡಿಮೆ. ಸೊಪ್ಪಿನ ಸಾರಿಗೆ ಉಪ್ಪು ಜಾಸ್ತಿ ಆದರೂ ಬೈಯಲಿಲ್ಲ. ದಿನಾ ಬೆಳಗ್ಗೆ ಕೇಳುತ್ತಾರೆ: "ಇವತ್ತು ಎಲ್ಗಾರಾ ಹೋಯ್ತೀಯಾ?" ಇಲ್ಲ ಅತ್ತೆ, ಎಲ್ಲಿಗೆ ಹೋಗಲಿ ಅಂದರೆ ನನ್ನ ಮುಖವನ್ನೇ ನೋಡುತ್ತಾರೆ. ಇವತ್ತು ಅವರ ಮೈಸೂರು ರೇಷ್ಮೆ ಸೀರೆ ತೆಗೆಸಿ ನನ್ನ ಮಡಿಲಿಗೆ ಹಾಕಿದರು. "ಇಟ್ಕ. ಹೋದ ಕಡೆ ಬೇಕಾಯ್ತದೆ."

ಹೋದ ಕಡೆ ಅಂದರೆ? ಇಂಪನಾಳ ಮದುವೆಗೆ ಅಂತಲೋ ಏನೋ. ವಯಸ್ಸಾಯಿತು.

ಅಕ್ಟೋಬರ್ 23, ಗುರುವಾರ

ಮಾರ್ಟ್ ಬಾಗಿಲಲ್ಲಿ ದೊಡ್ಡ ಪೋಸ್ಟರ್. ಮುಂದಿನ ಗುರುವಾರ ಸೈಕಲ್!! ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತದಂತೆ, ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಬರುವುದೇ ನಾಲ್ಕಾರು. ನಯನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಒಂದು ಎತ್ತಿಟ್ಟಿರ್ತೀನಿ ಆಂಟಿ, ನಿಮ್ ಮಗಳಿಗೆ. ಸಂಜೆವರ್ಗೆ ಅಷ್ಟೇಯ. ಬಂದ್ಬುಡಿ."

ಸೈಕಲ್ ಸೊಪ್ಪಿನ ಕೆಳಗೆ ಕೂರುವುದಿಲ್ಲ. ಈ ಸಲ ಹೇಳಲೇಬೇಕು. ಹೇಗೆ?

ಅಕ್ಟೋಬರ್ 28

ರಾತ್ರಿ ಊಟಕ್ಕೆ ಕೂತು ಧೈರ್ಯ ಮಾಡುತ್ತಿದ್ದೆ. ಅಷ್ಟರಲ್ಲಿ ಇವರೇ ಬಾಯಿ ತೆಗೆದರು. ಕೊಬ್ಬರಿ ರೇಟು ಏರಿದೆ, ಹೀಗೇ ನಿಲ್ಲುವುದಿಲ್ಲ, ಕಾರ್ತಿಕ ಕಳೆಯುವವರೆಗೆ ಕಾಯುವುದು ಬೇಡ. ಗುರುವಾರವೇ ಕಾಯಿ ಇಳಿಸುವುದು, ಆಳುಗಳಿಗೆ ಹೇಳಾಗಿದೆ. ಗುರುವಾರ!

ನಾಳೆ ಇವರು ಮಂಡಿಗೆ ಹೋದ ಮೇಲೆ ಎಲ್ಲ ಇಳಿಸಬೇಕು. ಎಲ್ಲಿಗೆ ಸಾಗಿಸಲಿ? ಆಳುಗಳ ಮುಂದೆ, ಊರಿನವರ ಮುಂದೆ ಆ ಹೆಲ್ಮೆಟ್ ಉರುಳಿ ಬಿದ್ದರೆ... ಮತ್ತೆ ಆ ನಗು. ಇನ್ನೊಂದು ಸಲ ಅದನ್ನು ತಡೆಯಲಾರೆ.

ಅಕ್ಟೋಬರ್ 29. ಮಧ್ಯಾಹ್ನ

ಇಲ್ಲ. ಏನೂ ಇಲ್ಲ. ಮೂಲೆ ಖಾಲಿ. ಹೆಲ್ಮೆಟ್ ಇಲ್ಲ, ಕೋಟಿಲ್ಲ, ದೀಪವಿಲ್ಲ. ನಾನು ಕೂರುತ್ತಿದ್ದ ಜಾಗ ಮಾತ್ರ ಬೋಳಾಗಿ ಕಾಣುತ್ತಿದೆ. ಬೆಳಗ್ಗೆ ಸೊಸೈಟಿಗೆ ಹಾಲು ಹಾಕಲು ಹೋಗಿದ್ದೆ, ಅಷ್ಟೇ. ಅತ್ತೆ ಏಣಿ ಹತ್ತಲಾರರು. ಹಾಗಾದರೆ ಇವರೇ...

ಅದೇ ದಿನ, ಸಂಜೆ

ಆದದ್ದನ್ನೆಲ್ಲ ಬರೆಯುತ್ತೇನೆ.

ಅತ್ತೆ ಬೆಲ್ ಹೊಡೆದರು. ಹೋದೆ. ಇವರು ಮಂಡಿಯಿಂದ ಆಗಲೇ ಬಂದು ಮಂಚದ ಪಕ್ಕ ನಿಂತಿದ್ದರು, ಕೈಯಲ್ಲಿ ತಿಳಿನೀಲಿ ಹೆಲ್ಮೆಟ್. ಉಳಿದದ್ದೆಲ್ಲ ಮಂಚದ ಮೇಲೆ, ಅತ್ತೆಯ ಕಾಲ ಬಳಿ.

"ನಾನೇ ಇವನ ಕೈಲಿ ಇಳಿಸ್ದೆ. ಆಳುಗಳ ಮುಂದೆ ಬ್ಯಾಡ ಅಂತ. ಕೂತ್ಕ," ಅಂದರು ಅತ್ತೆ. ಕೂತೆ.

"ಎಲ್ಗೆ ಹೊರಟಿದ್ದೀಯ ತಾಯಿ?"

ಅರ್ಥವಾಗಲಿಲ್ಲ. ಅವರು ಸೂರಿನ ಕಡೆ ಕೈ ತೋರಿಸಿದರು. ನೋಡಿದೆ. ಅಡಿಕೆ ದಬ್ಬೆಯ ಅಟ್ಟ. ಕಾಯಿಗೆ ಗಾಳಿಯಾಡಲಿ ಅಂತ ದಬ್ಬೆ ದಬ್ಬೆಗೂ ಸಂದು ಬಿಟ್ಟಿರುತ್ತಾರೆ, ಈ ಮನೆಗೆ ಬಂದ ದಿನದಿಂದ ನೋಡಿದ್ದೇನೆ. ನಾನು ಕೂರುತ್ತಿದ್ದ ಮೂಲೆ ನೇರ ಅತ್ತೆಯ ದಿಂಬಿನ ಮೇಲೆ!

"ಶ್ರಾವಣದಿಂದ ನೋಡ್ತಿದೀನಿ. ಮಧ್ಯಾನ ಆಯ್ತು ಅಂದ್ರೆ ಸಂದೀಲಿ ಕೆಂಪು ದೀಪ. ಹತ್ತೋದು, ಆರೋದು. ಆಮ್ಯಾಕೆ ಕೋಟು ಬಂತು, ಚೀಲ ಬಂತು. ಒಂದೊಂದೇ ಜೋಡಿಸ್ಕಂತಾವಳೆ, ಹೊಂಟೋಯ್ತಾಳೆ ಅನ್ಕಂಡೆ. ನನ್ನ ಎತ್ತಿ ಇಳಿಸಿ, ಬಳ್ದು ತೊಳ್ದು ಸಾಕಾಗೈತೆ ಅನ್ಕಂಡೆ. ತಡಿಯಾಕೆ ನಂಗೇನ್ ಹಕ್ಕೈತೆ? ಹೇಳ್ ಹೋದ್ರೆ ಸಾಕು ಅಂತಿದ್ದೆ."

ಅಯ್ಯೋ. ದಿನಾ ನಾನು ಅಲ್ಲಿ ಗಾಳಿಗೆ ಮುಖ ಒಡ್ಡಿ ಕೂತಿದ್ದೆ. ಕೆಳಗೆ ಅತ್ತೆ ಕಣ್ಣು ಬಿಟ್ಟುಕೊಂಡು ನನ್ನನ್ನು ಕಳಿಸಿಕೊಡುತ್ತಿದ್ದರು. ಸೀರೆಯ ನೆನಪಾಯಿತು. ಅವರ ಕಾಲಿಗೆ ತಲೆಯಿಟ್ಟು ಅತ್ತುಬಿಟ್ಟೆ.

"ಸೈಕಲ್ ಅತ್ತೆ. ಬರೀ ಸೈಕಲ್ ಸಾಮಾನು. ನೊಣವಿನಕೆರೆ ಕೆರೆ ನೋಡ್ಕಂಡು ಬರಾಕೆ."

"ಸೈಕಲ್ ಎಲ್ಲಿ?"

"ಇಲ್ಲ."

ಇವರು ಹೆಲ್ಮೆಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೈಕಲ್ ಇಲ್ದೇನೇ ಹೆಲ್ಮೆಟ್ ತಗಂಡ್ಯಾ ಶಾಂತಾ?" ತುಟಿ ಆಗಲೇ ಅಲುಗುತ್ತಿತ್ತು.

"ನಗಬ್ಯಾಡ ಕಣ್ಲಾ," ಅಂದರು ಅತ್ತೆ. "ಅವತ್ತು ನಾವು ನಕ್ಕಿದ್ದಕ್ಕೇ ಅವ್ಳು ಅಟ್ಟ ಹತ್ತಿದ್ದು."

ಇವರು ನಗಲಿಲ್ಲ. ತಲೆ ತಗ್ಗಿಸಿದರು. ನಾಳೆ ಸೈಕಲ್ ಬರುವ ವಿಷಯ ಆಗ ಹೇಳಿದೆ.

ಅಕ್ಟೋಬರ್ 30, ಗುರುವಾರ

ಬೆಳಗ್ಗೆಯಿಂದ ಕಾಯಿ ಇಳಿಸುತ್ತಿದ್ದಾರೆ. ಇವರು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಅಂದಿತು. "ನೀನು ಸರಿಸಿದ್ ಕಾಯಿ ಇದು. ಏನೂ ಆಗಿಲ್ಲ. ನೀನು ಹೊರಡು, ಇಲ್ಲಿ ನಾನಿರ್ತೀನಿ."

ಲಗೇಜ್ ಆಟೋ ಮಾಡಿಕೊಂಡು ಹೋದೆ. ನಯನ ಗೋಡೌನಿನಿಂದ ಡಬ್ಬ ತಳ್ಳಿಕೊಂಡು ಬಂದಳು. "ಮಗಳಿಗೆ ಖುಷಿ ಆಯ್ತದೆ ಬುಡಿ ಆಂಟಿ."

"ಮಗಳಿಗಲ್ಲ ಕಣಮ್ಮ," ಅಂದೆ. "ನನಗೆ."

ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು. ನೋಡಲಿ.

ನವೆಂಬರ್ 16

ಬರೆಯಲು ಪುರುಸೊತ್ತಿಲ್ಲ. ಮೊಣಕೈ ತರಚಿದೆ, ಮಂಡಿ ಊದಿದೆ. ದಿನಾ ಬೆಳಗ್ಗೆ ಅಂಗಳದಲ್ಲಿ ಪಾಠ. ಇವರು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಾರೆ, ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ. ಅತ್ತೆ ಮಂಚ ಈಗ ಜಗುಲಿಯಲ್ಲಿ. ನಾನು ಕಾಯಿ ಸುಲಿದ ಮಟ್ಟೆ ರಾಶಿ ಕಡೆ ತಿರುಗಿದ ಕೂಡಲೇ ಟ್ರಿಣ್ ಟ್ರಿಣ್!

ಇವತ್ತು ತಿರುಗಿ ನೋಡಿದಾಗ ಇವರು ಎಲ್ಲೋ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಹೋಗುತ್ತಲೇ ಇದ್ದೆ. ನಿಲ್ಲಿಸುವುದು ಹೇಗೆ ಅಂತ ಇನ್ನೂ ಕಲಿಸಿರಲಿಲ್ಲ, ಮಟ್ಟೆ ರಾಶಿಗೇ ಹೋಗಿ ಬಿದ್ದೆ. ಬಿದ್ದಲ್ಲೇ ನಕ್ಕೆ. ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

ಡಿಸೆಂಬರ್ 13

ನಾಳೆ. ಒಬ್ಬಳೇ. ಇವರು ಟಿವಿಎಸ್ ತಗೊಂಡು ಹಿಂದೆ ಬತ್ತೀನಿ ಅಂದರು. "ಹಿಂದೆ ಹೋಗಬ್ಯಾಡ ಕಣ್ಲಾ," ಅಂದರು ಅತ್ತೆ.

ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದರು: ಹೋಗುವಾಗ ಹಿಂದಿನ ಕೆಂಪು ದೀಪ ಹಚ್ಚಬೇಕಂತೆ. ಕಾಣುವವರೆಗೆ ನೋಡುತ್ತಾರಂತೆ. "ಬರೋವಾಗ ಬಿಳೀದು ಹಚ್ಕ. ದೂರದಿಂದ್ಲೇ ತಿಳಿತದೆ, ನೀನು ತಿರುಗಿ ಬತ್ತಾ ಇದೀಯ ಅಂತ."

ಡಿಸೆಂಬರ್ 14, ಭಾನುವಾರ. ನೊಣವಿನಕೆರೆ ಏರಿ

ನಿಲ್ಲಿಸಿದೆ. ಬೇಕಾದ ಕಡೆ, ನಾನೇ.

ಕತ್ತಲಿರುವಾಗಲೇ ಹೊರಟಿದ್ದೆ. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದೆ. ಜಗುಲಿಯಲ್ಲಿ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಕೈ ಬೀಸಲಿಲ್ಲ, ಬರೀ ನೋಡುತ್ತಿದ್ದರು. ದಾರಿಯಲ್ಲಿ ಚಳಿ. ಗರಿಗಳ ನೆರಳು ಇರಲಿಲ್ಲ, ಇಬ್ಬನಿ ಇತ್ತು. ದಿಣ್ಣೆಯಲ್ಲಿ ಇಳಿದು ತಳ್ಳಿದೆ. ಅಟ್ಟದ ದಾರಿಯಲ್ಲಿ ದಿಣ್ಣೆಯೇ ಇರಲಿಲ್ಲ.

ಕೆರೆ ಇದೆ. ಎಲ್ಲಿಗೂ ಓಡುವುದಿಲ್ಲ. ನೀರಿನ ಮೇಲೆ ಮಂಜು, ಅದರೊಳಗೆ ಯಾವುದೋ ಹಕ್ಕಿ. ಹೆಲ್ಮೆಟ್ ತೆಗೆದು ಪಕ್ಕದಲ್ಲಿಟ್ಟು ಕೂತಿದ್ದೇನೆ. ಈಗಷ್ಟೇ ತುರುವೇಕೆರೆ ಬಸ್ ಹೋಯಿತು, ಕಿಟಕಿಯಲ್ಲಿ ಒಬ್ಬಾಕೆ ಕತ್ತು ತಿರುಗಿಸಿ ತಿರುಗಿಸಿ ಕೆರೆ ನೋಡುತ್ತಿದ್ದಳು. ಮರೆಯಾದಳು.

ಮಂಜು ಕರಗುತ್ತಿದೆ. ಹೊತ್ತು ಏರಿದೆ. ಈ ಬಿಸಿಲಲ್ಲಿ ದೀಪ ಹಚ್ಚಿದರೆ ಯಾರಿಗೂ ಕಾಣುವುದಿಲ್ಲ. ಆದರೂ ಅತ್ತೆ ರಸ್ತೆ ನೋಡುತ್ತಾ ಕೂತಿರುತ್ತಾರೆ. ಮುಂದಿನ ಬಿಳಿ ದೀಪ ಹಚ್ಚಿದೆ. ಇನ್ನೊಂದು ಚೂರು ಕೆರೆ ನೋಡಿ ಹೊರಡುತ್ತೇನೆ.